ಸ್ಟ್ಯಾಂಪಿನ ಅಡಿಯಲ್ಲಿ ಬರೆದದ್ದು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರುವುದೆಲ್ಲ ಶುರುವಾದದ್ದೇ ಆ ಕೋಪದಿಂದ.

ಮಣಿಪಾಲದ ಒಂದು ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳ ರಿಪೇರಿ ನನ್ನ ಕೆಲಸವಾಗಿತ್ತು. ಹರಿದ ಹಾಳೆಗೆ ತೆಳು ಕಾಗದ ಹಚ್ಚುವುದು, ಬೆನ್ನು ಕಿತ್ತುಹೋದ ಪುಸ್ತಕಕ್ಕೆ ಮತ್ತೆ ಹೊಲಿಗೆ ಹಾಕುವುದು, ಬೆಳ್ಳಿಹುಳ ತಿಂದು ಬಿಟ್ಟದ್ದನ್ನು ಓದುವ ಹಾಗೆ ಮಾಡಿಕೊಡುವುದು. ನಿವೃತ್ತಿಯಾದ ಮೇಲೆ ಉಡುಪಿಯಲ್ಲಿ ಒಬ್ಬಳೇ ಇದ್ದೇನೆ. ಒಬ್ಬಳೇ ಎಂದ ಕೂಡಲೇ ‘ಪಾಪ’ ಎನ್ನಬೇಡಿ, ನನಗೆ ಅದು ಕೇಳಿದರೆ ಆಗುವುದಿಲ್ಲ. ಹದಿನಾಲ್ಕು ಸ್ಟ್ಯಾಂಪ್ ಆಲ್ಬಮ್‌ಗಳು ಉಂಟು ಜೊತೆಗೆ. ಮನುಷ್ಯರಿಗಿಂತ ಅವುಗಳ ಸೇವೆಯೇ ಹೆಚ್ಚು.

ನಾನು ಕೂಡಿಸುವುದು ಎರಡೇ ಬಗೆ. ಒಂದು ಕಡಲು, ಇನ್ನೊಂದು ಕಾಗದ. ಹಡಗು, ದೋಣಿ, ಲಂಗರು, ದೀಪಸ್ತಂಭ ಇರುವ ಸ್ಟ್ಯಾಂಪುಗಳು ಒಂದು ಕಡೆ. ಲೇಖನಿ, ಅಂಚೆಪೆಟ್ಟಿಗೆ, ಓಲೆಕಾರ, ಮೇಜಿನ ಮುಂದೆ ಕೂತು ಪತ್ರ ಬರೆಯುವ ಹೆಂಗಸು ಇರುವಂಥವು ಇನ್ನೊಂದು ಕಡೆ. ಹುಟ್ಟಿ ಬೆಳೆದದ್ದು ಕಾರ್ಕಳ, ಕಲ್ಲುಬಂಡೆಗಳ ಊರು. ಒಂಬತ್ತನೇ ವಯಸ್ಸಿನಲ್ಲಿ ಶಾಲೆಯವರು ಕಾಪುವಿಗೆ ಕರೆದುಕೊಂಡು ಹೋದಾಗಲೇ ನಾನು ಮೊದಲು ಕಡಲು ಕಂಡದ್ದು. ಲೈಟ್‌ಹೌಸಿನ ಮೇಲೆ ನಿಂತು ದೂರದಲ್ಲಿ ಒಂದು ಹಡಗು ನೋಡಿ, ಅದರಲ್ಲಿ ಇರುವವರ ಮನೆಯವರಿಗೆ ಅವರು ಈಗ ಎಲ್ಲಿದ್ದಾರೆ ಎಂದು ಹೇಗೆ ಗೊತ್ತಾಗುತ್ತದೆ ಅಂತ ಟೀಚರನ್ನು ಕೇಳಿದೆ. ‘ಕಾಗದ ಬರೀತಾರೆ, ಬಾಯಿ ಮುಚ್ಚು’ ಎಂದರು. ಬಾಯಿ ಮುಚ್ಚಿದೆ, ಆದರೆ ಆ ಎರಡು ಸಂಗತಿಗಳು ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಕೂತವು. ಈಗಲೂ ಹಾಗೆಯೇ ಉಂಟು.

ಉಡುಪಿಯಲ್ಲಿ ನಮ್ಮದೊಂದು ಸಣ್ಣ ಸ್ಟ್ಯಾಂಪ್ ಬಳಗ. ತಿಂಗಳಿಗೊಂದು ಭಾನುವಾರ ಶಾಲೆಯೊಂದರ ಕೋಣೆಯಲ್ಲಿ ಸೇರುತ್ತೇವೆ. ಹತ್ತು ಹನ್ನೆರಡು ಜನ, ಹೆಚ್ಚಿನವರು ನನ್ನ ಹಾಗೆ ನಿವೃತ್ತರು. ಪಡುಬಿದ್ರಿಯಿಂದ ಒಬ್ಬರು ಬರುತ್ತಾರೆ, ಅವರದ್ದು ರೈಲು ಮಾತ್ರ. ಪೆರ್ಡೂರಿನವರೊಬ್ಬರು ಹಕ್ಕಿ ಬಿಟ್ಟರೆ ಬೇರೆ ಮುಟ್ಟುವುದಿಲ್ಲ. ಚಹಾ, ಗೋಳಿಬಜೆ, ಮತ್ತೆ ಜಗಳ. ಯಾರಾದರೂ ಹೊಸ ಸ್ಟ್ಯಾಂಪು ತಂದರೆ ಅದರ ಸ್ಥಿತಿ ಹೇಗುಂಟು ಎಂದು ನೋಡಿ ಹೇಳುವ ಕೆಲಸ ನನ್ನದು. ನನ್ನ ಕಾನೂನು ಕಟ್ಟುನಿಟ್ಟು. ಮೂಲೆ ಹರಿದದ್ದು ಬೇಡ, ಬೆನ್ನು ಸವೆದದ್ದು ಬೇಡ, ಕಿತ್ತು ಮತ್ತೆ ಅಂಟಿಸಿದ್ದಂತೂ ಬೇಡವೇ ಬೇಡ. ಹಾಗೆ ಅಂಟಿಸುವುದು ಮೋಸಗಾರರ ಕೆಲಸ. ಬೇರೆ ಲಕೋಟೆಯ ಸ್ಟ್ಯಾಂಪನ್ನು ತಂದು ಇದರ ಮೇಲೆ ಕೂರಿಸಿ, ಅಪರೂಪದ್ದು ಎಂದು ನಂಬಿಸುತ್ತಾರೆ. ಭೂತಗನ್ನಡಿ ಹಿಡಿದರೆ ನನಗೆ ಅರೆಗಳಿಗೆಯಲ್ಲಿ ಗೊತ್ತಾಗುತ್ತದೆ.

ಮೊನ್ನೆಯ ಬೇಸಿಗೆಯಲ್ಲಿ, ಇಂಥ ಒಂದು ಭಾನುವಾರ, ಮಣಿಪಾಲದಲ್ಲಿ ಫಿಸಿಯೋಥೆರಪಿ ಓದುವ ಹುಡುಗಿಯೊಬ್ಬಳು ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಬಂದಳು. ಕಾಪುವಿನ ಬ್ಯಾರಿ ಮುಸ್ಲಿಂ ಕುಟುಂಬದವಳು. ಅವಳ ಅಜ್ಜ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರಂತೆ. ಅವರು ಮನೆಗೆ ಬರೆದ ಕಾಗದಗಳ ಲಕೋಟೆಗಳು ಡಬ್ಬಿಯಲ್ಲಿದ್ದವು. ‘ಇದನ್ನು ಹೇಗೆ ಜೋಪಾನ ಮಾಡುವುದು ಅಂತ ಕೇಳಲಿಕ್ಕೆ ಬಂದೆ’ ಎಂದಳು.

ಮುಚ್ಚಳ ತೆಗೆದು ಬಗ್ಗಿ ನೋಡಿದೆ. ಎಲ್ಲ ಹಡಗುಗಳೇ! ನಾರ್ವೆ, ಬ್ರೆಜಿಲ್, ಸಿಂಗಾಪುರ, ಗ್ರೀಸ್. ಹಾಯಿ ಹಡಗು, ಉಗಿ ಹಡಗು, ತೈಲದ ಹಡಗು. ಆ ಮನುಷ್ಯ ಅಂಚೆ ಕಚೇರಿಯಲ್ಲಿ ನಿಂತು, ದೊಡ್ಡ ಸ್ಟ್ಯಾಂಪೇ ಬೇಕು ಎಂದು ಆರಿಸಿ ಆರಿಸಿ ಕೊಂಡ ಹಾಗಿತ್ತು. ಭೂತಗನ್ನಡಿ ಹಿಡಿದೆ. ಮೊದಲನೆಯದು ಕಿತ್ತು ಮತ್ತೆ ಅಂಟಿಸಿದ್ದು. ಎರಡನೆಯದೂ ಹಾಗೇ. ಮೂರು, ನಾಲ್ಕು, ಐದು, ಎಲ್ಲವೂ! ಅದೂ ಗೋಂದಿನಿಂದ ಅಲ್ಲ, ಗಂಜಿಯಿಂದ. ಗಂಜಿ ಎಂದರೆ ಬೆಳ್ಳಿಹುಳಕ್ಕೆ ಮದುವೆ ಊಟ.

‘ಯಾರು ಮಾರಾಯ್ತಿ ಈ ಅನಾಚಾರ ಮಾಡಿದ್ದು?’ ಎಂದು ಎಲ್ಲರೆದುರು ಕೂಗಿದೆ. ‘ಇಂಥ ಹಡಗುಗಳನ್ನು ಹಾಳು ಮಾಡಿ ಇಟ್ಟಿದ್ದಾರಲ್ಲ! ಬುದ್ಧಿ ಉಂಟಾ ಅವರಿಗೆ?’

ಹುಡುಗಿಯ ಮುಖ ಕೆಂಪಾಯಿತು. ‘ಈ ಡಬ್ಬಿ ಮುಟ್ಟುವುದು ನಮ್ಮ ಉಮ್ಮ ಮಾತ್ರ’ ಎಂದಳು. ಅವಳ ಅಜ್ಜಿಯನ್ನು ಆ ಮನೆಯಲ್ಲಿ ದೊಡ್ಡವರು, ಸಣ್ಣವರು ಎಲ್ಲರೂ ಉಮ್ಮ ಎಂದೇ ಕರೆಯುವುದು. ಡಬ್ಬಿಯ ಮುಚ್ಚಳ ಹಾಕಿಕೊಂಡು, ಗೋಳಿಬಜೆ ಕೂಡ ಮುಟ್ಟದೆ ಹೋದಳು. ಪೆರ್ಡೂರಿನವರು ನನ್ನನ್ನು ನೋಡಿ ತಲೆ ಆಡಿಸಿದರು. ‘ಎಂತ?’ ಎಂದೆ. ‘ಎಂತ ಇಲ್ಲ’ ಎಂದರು. ಮನೆಗೆ ಬಂದ ಮೇಲೆ ನನಗೇ ನಾಚಿಕೆಯಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಾನು.

ನಾಲ್ಕು ದಿನ ಬಿಟ್ಟು ಹುಡುಗಿಯ ಫೋನು ಬಂತು. ನಾನು ಹೇಳಿದ್ದನ್ನೆಲ್ಲ ಅಜ್ಜಿಗೆ ಒಂದಕ್ಷರ ಬಿಡದೆ ಒಪ್ಪಿಸಿದ್ದಳಂತೆ. ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. ಬದಲಿಗೆ, ‘ನೋಡಿದ ಕೂಡಲೇ ಗೊತ್ತಾಯಿತಾ ಅವರಿಗೆ? ಇಷ್ಟು ವರ್ಷ ಈ ಮನೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಆ ಬೈದವರನ್ನೇ ಕರೆದುಕೊಂಡು ಬಾ’ ಎಂದರಂತೆ.

ಕಟಪಾಡಿಯಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಕಂಡಕ್ಟರನಿಗೆ ಎರಡು ಮಾತು ಹೇಳಿ, ಅವನಿಂದ ನಾಲ್ಕು ಕೇಳಿಸಿಕೊಂಡು, ಬೆವರು ಸುರಿಸಿಕೊಂಡು ಕಾಪು ತಲುಪಿದೆ. ಕಡಲಿಗೆ ಹೋಗುವ ದಾರಿಯಲ್ಲಿ ಮನೆ. ಉಮ್ಮ ಒಳಗಿನ ಕೋಣೆಯ ಕಿಟಕಿಯ ಹತ್ತಿರ ಕೂತಿದ್ದರು. ಎಪ್ಪತ್ತು ದಾಟಿದ ಹೆಂಗಸು, ತಲೆಯ ಮೇಲೆ ಬಿಳಿ ವಸ್ತ್ರ, ಗಟ್ಟಿ ಸ್ವರ. ನನ್ನನ್ನು ನೇರ ನೋಡದೆ, ಕತ್ತನ್ನು ಸ್ವಲ್ಪ ಓರೆ ಮಾಡಿ ನೋಡಿದರು.

‘ಬನ್ನಿ ಟೀಚರೇ’ ಎಂದರು.

‘ನಾನು ಟೀಚರಲ್ಲ ಉಮ್ಮ, ಪುಸ್ತಕ ರಿಪೇರಿಯವಳು.’

‘ಬೈಯುವುದು ಟೀಚರಿನ ಹಾಗೇ ಉಂಟಂತಲ್ಲ’ ಎಂದು ನಕ್ಕರು. ಕ್ಷಮಿಸಿ ಎನ್ನಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಗಂಟಲಲ್ಲೇ ಉಳಿಯಿತು.

ಶರಬತ್ತು ಬಂತು. ಹುಡುಗಿಯನ್ನು ಹೊರಗೆ ಕಳುಹಿಸಿ ಉಮ್ಮ ಡಬ್ಬಿ ತೆಗೆದರು. ಆಮೇಲೆ ಅವರು ಹೇಳಿದ್ದನ್ನು ನಾನು ಹಾಗೆಯೇ ಇಲ್ಲಿ ಬರೆಯುತ್ತೇನೆ. ಅವರ ಅಪ್ಪಣೆ ಉಂಟು, ಹೆಸರು ಮಾತ್ರ ಹಾಕಬಾರದು ಎಂದಿದ್ದಾರೆ.

ಆ ಕಾಲದಲ್ಲಿ ಹೊರದೇಶಕ್ಕೆ ಹೋದ ಮಗ ಕಾಗದ ಬರೆಯುವುದು ಅಪ್ಪನ ಹೆಸರಿಗೆ. ಹೆಂಡತಿಯ ಹೆಸರಿಗೆ ಬರೆದರೆ ಮರ್ಯಾದೆಗೇಡು. ಇದು ಬ್ಯಾರಿಗಳ ಮನೆಯಲ್ಲಿ ಮಾತ್ರ ಎಂದುಕೊಳ್ಳಬೇಡಿ, ಕಾರ್ಕಳದ ನಮ್ಮ ಮನೆಯಲ್ಲಿಯೂ ಬೊಂಬಾಯಿಯ ಚಿಕ್ಕಪ್ಪ ಬರೆಯುತ್ತಿದ್ದದ್ದು ಅಜ್ಜನಿಗೇ. ಕಾಗದ ಬಂದರೆ ಜಗಲಿಯಲ್ಲಿ ಎಲ್ಲರೂ ಸೇರುವುದು, ಮೈದುನ ಗಟ್ಟಿಯಾಗಿ ಓದುವುದು, ಹೆಂಗಸರು ಬಾಗಿಲಿನ ಹಿಂದೆ ನಿಂತು ಕೇಳುವುದು. ಕೊನೆಗೆ ‘ಮನೆಯ ಎಲ್ಲರಿಗೂ ನನ್ನ ಸಲಾಂ’ ಎಂದು ಒಂದು ಸಾಲು. ‘ಆ ಎಲ್ಲರೂ ಎನ್ನುವುದರಲ್ಲಿ ನಾನೂ ಒಬ್ಬಳು ಟೀಚರೇ’ ಎಂದರು ಉಮ್ಮ. ‘ನಾಲ್ಕನೇ ಕ್ಲಾಸು ಓದಿದವಳು ನಾನು. ಕನ್ನಡ ಚೆನ್ನಾಗಿ ಬರುತ್ತಿತ್ತು. ಆದರೂ ನನ್ನ ಗಂಡನ ಕಾಗದವನ್ನು ನನಗೆ ಇನ್ನೊಬ್ಬರು ಓದಿ ಹೇಳಬೇಕು.’

ಒಂದು ಸಲ ರಜೆಯಲ್ಲಿ ಬಂದಾಗ ಗಂಡ ಒಂದು ಉಪಾಯ ಹೇಳಿದರು. ಕಾಗದ ಅಪ್ಪನಿಗೆ, ಸ್ಟ್ಯಾಂಪಿನ ಅಡಿ ನಿನಗೆ. ದೊಡ್ಡ ಸ್ಟ್ಯಾಂಪು ಯಾಕೆ ಆರಿಸುತ್ತಿದ್ದರು ಎಂದು ನನಗೆ ಆಗ ಹೊಳೆಯಿತು. ಸಣ್ಣದರ ಅಡಿಯಲ್ಲಿ ಎರಡು ಶಬ್ದವೂ ಹಿಡಿಯುವುದಿಲ್ಲ.

ಓದಿ ಆದ ಮೇಲೆ ಖಾಲಿ ಲಕೋಟೆಯನ್ನು ಉಮ್ಮ ‘ಮಕ್ಕಳಿಗೆ ಆಡಲಿಕ್ಕೆ’ ಎಂದು ತೆಗೆದುಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಬೇಯುವಾಗ ಮುಚ್ಚಳವನ್ನು ಒಂದು ಬೆರಳಷ್ಟು ಸರಿಸಿ, ಅಲ್ಲಿಂದ ಬರುವ ಆವಿಗೆ ಸ್ಟ್ಯಾಂಪನ್ನು ಹಿಡಿಯುವುದು. ‘ಮೂರು ಸಲ ಉಸಿರು ಬಿಡುವಷ್ಟು ಹೊತ್ತು. ಜಾಸ್ತಿಯಾದರೆ ಮಸಿ ಹರಡುತ್ತದೆ, ಕಡಿಮೆಯಾದರೆ ಹರಿಯುತ್ತದೆ. ಮತ್ತೆ ಉಗುರು ಹಾಕುವುದು ಮೂಲೆಗೆ ಅಲ್ಲ ಟೀಚರೇ, ಬದಿಯ ನಡುವಿಗೆ. ಮೂಲೆ ಬೇಗ ಬರುತ್ತದೆ, ಆದರೆ ಬೇಗ ಹರಿಯುತ್ತದೆ.’ ಓದಿದ ಮೇಲೆ ಗಂಜಿಯ ತಿಳಿ ಹಚ್ಚಿ ಮತ್ತೆ ಅಂಟಿಸಿಬಿಡುವುದು. ಯಾರ ಕಣ್ಣಿಗೂ ಬೀಳಬಾರದಲ್ಲ. ಇಲ್ಲಿಂದ ಉತ್ತರ ಹೋಗುವಾಗ ಸ್ಟ್ಯಾಂಪು ಹಚ್ಚುವ ಕೆಲಸವನ್ನೂ ತಾನೇ ವಹಿಸಿಕೊಂಡರು. ಮೈದುನ ಬರೆದ ಕಾಗದ, ಉಮ್ಮ ಹಚ್ಚಿದ ಸ್ಟ್ಯಾಂಪು.

ಮೂಲೆಗೆ ಅಲ್ಲ, ಬದಿಯ ನಡುವಿಗೆ! ಈ ಒಂದು ಮಾತು ಕಲಿಯಲಿಕ್ಕೆ ನಾನು ಎಷ್ಟು ಹಾಳೆ ಹರಿದಿದ್ದೇನೆ, ಎಷ್ಟು ಬೈಸಿಕೊಂಡಿದ್ದೇನೆ ಎಂದು ನನಗೇ ಗೊತ್ತು. ನನಗೆ ಬೇಕಾದ ಉಪಕರಣಗಳಿದ್ದವು, ತಣ್ಣಗಿನ ಕೋಣೆ ಇತ್ತು, ಕೆಲಸ ಕಲಿಸಲು ಹಿರಿಯರಿದ್ದರು. ಇವರಿಗೆ ಇದ್ದದ್ದು ಒಂದು ಅನ್ನದ ಪಾತ್ರೆ, ಒಂದು ಉಗುರು, ಪಕ್ಕದಲ್ಲಿ ಮೀನು ಹೆಚ್ಚುತ್ತಾ ಕೂತ ಅತ್ತೆ. ಆದರೂ ಒಂದನ್ನೂ ಹರಿಯಲಿಲ್ಲ. ಬುದ್ಧಿ ಉಂಟಾ ಎಂದು ಕೇಳಿದವಳು ನಾನು! ಆಗ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಕ್ಷಮಿಸಿ ತಾನಾಗಿ ಹೊರಗೆ ಬಂತು. ‘ಇರಲಿ, ಇರಲಿ’ ಎಂದು ನನ್ನ ಕೈ ತಟ್ಟಿದರು.

ಎರಡು ಮೂರನ್ನು ಮೆಲ್ಲನೆ ಎಬ್ಬಿಸಿ ತೋರಿಸಿದರು. ಒಂದರ ಅಡಿಯಲ್ಲಿ ‘ಇಲ್ಲಿ ಹಿಮ. ಮೀನಿಗೆ ರುಚಿ ಇಲ್ಲ.’ ಇನ್ನೊಂದರಲ್ಲಿ ‘ಮಗಳಿಗೆ ಹಲ್ಲು ಬಂತಾ?’ ಮತ್ತೊಂದರಲ್ಲಿ ‘ನಿನ್ನ ಬಂಗುಡೆ ಪುಳಿಮುಂಚಿ ಕನಸಿನಲ್ಲಿ.’ ನಾಲ್ಕನೆಯದಕ್ಕೆ ನಾನು ಕೈ ಹಾಕಿದಾಗ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡರು. ‘ಅದು ಬೇಡ’ ಎಂದು ಮುಖ ತಿರುಗಿಸಿ ನಕ್ಕರು. ಎಪ್ಪತ್ತರ ಮೇಲೂ ಆ ನಾಚಿಕೆ ಹಾಗೇ ಇತ್ತು. ನನಗೆ ಬಹಳ ಇಷ್ಟವಾಯಿತು ಅದು.

ಆಮೇಲೆ ಹಾಸಿಗೆಯ ಅಡಿಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ಒಂದೇ ಲಕೋಟೆ. ಹಾಯಿ ಹಡಗಿನ ದೊಡ್ಡ ಸ್ಟ್ಯಾಂಪು, ಅದರ ಮೇಲೆ ಅರ್ಧ, ಲಕೋಟೆಯ ಮೇಲೆ ಅರ್ಧ ಬಿದ್ದ ಒಂದು ಮುದ್ರೆ. ನಡುಕಡಲಿನಲ್ಲಿ ಹಡಗಿನ ಪೆಟ್ಟಿಗೆಗೆ ಹಾಕಿದ ಕಾಗದಕ್ಕೆ ಮುಂದಿನ ಬಂದರಿನವರು ಬೇರೆಯೇ ಒಂದು ಮುದ್ರೆ ಒತ್ತುತ್ತಾರೆ, ಅದೇ ಇದು. ಕಡಲು, ಕಾಗದ ಎರಡೂ ಒಂದೇ ಕಡೆ! ಇಂಥದ್ದೊಂದನ್ನು ನಾನು ಇಪ್ಪತ್ತು ವರ್ಷಗಳಿಂದ ಹುಡುಕುತ್ತಿದ್ದೆ.

‘ಇದು ಕೊನೆಯದು’ ಎಂದರು ಉಮ್ಮ.

ಇದು ಮನೆಗೆ ಬಂದು, ಲಕೋಟೆ ಉಮ್ಮನ ಕೈಗೆ ಸೇರುವ ಮೊದಲೇ ಸುದ್ದಿ ಬಂದಿತ್ತು. ಯಾವುದೋ ಬಂದರಿನ ಆಸ್ಪತ್ರೆಯಲ್ಲಿ ಗಂಡ ಜ್ವರದಿಂದ ಹೋದರು, ಅಲ್ಲಿಯೇ ಮಣ್ಣು ಮಾಡಿದರು. ಮಗನ ಕೊನೆಯ ಕಾಗದವೆಂದು ಮಾವ ಇದನ್ನು ತಮ್ಮ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟರು. ಗಂಡ ಹೋದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಒಳಗೆ ಕೂರಬೇಕು, ಆಗ ಕೇಳಲು ಆಗಲಿಲ್ಲ. ಆಮೇಲೆ ಏನೆಂದು ಕೇಳುವುದು? ಮಾವನೂ ಹೋದರು, ಪೆಟ್ಟಿಗೆ ಮೈದುನನ ಮನೆ ಸೇರಿತು. ಕಳೆದ ವರ್ಷ ಮೈದುನನ ಮಕ್ಕಳು ಅದನ್ನು ಒಡೆದು ನೋಡಿದಾಗ ಇದು ಸಿಕ್ಕಿ, ನಲವತ್ತು ವರ್ಷಗಳ ಮೇಲೆ ಉಮ್ಮನ ಕೈಗೆ ಬಂತು.

‘ಇದಕ್ಕಿಂತ ಮುಂಚೆ ಕಳಿಸಿದ ಉತ್ತರದಲ್ಲಿ, ಸ್ಟ್ಯಾಂಪಿನ ಅಡಿಯಲ್ಲಿ ನಾನೊಂದು ಕೇಳಿದ್ದೆ’ ಎಂದರು. ಸ್ವರ ತಗ್ಗಿತು. ‘ಒಂದೇ ಒಂದು ಸಲ ನನ್ನ ಹೆಸರಿಗೆ ಕಾಗದ ಬರೆಯುತ್ತೀರಾ ಅಂತ. ಆಮೇಲೆ ಬಂದದ್ದು ಇದು, ಇದೂ ಮಾವನ ಹೆಸರಿಗೇ. ನಮ್ಮವರಿಗೆ ಸಿಟ್ಟು ಬಂತೋ, ನಾಚಿಕೆ ಇಲ್ಲದವಳು ಎಂದುಕೊಂಡರೋ, ನನ್ನ ಮಾತು ತಲುಪಲೇ ಇಲ್ಲವೋ. ಇಷ್ಟು ವರ್ಷ ಅದೇ ತಲೆಯಲ್ಲಿ. ಉತ್ತರ ಇದರ ಅಡಿಯಲ್ಲಿ ಉಂಟು.’

ಸಿಕ್ಕಿದ ದಿನವೇ ಅನ್ನದ ಆವಿಗೆ ಹಿಡಿದಿದ್ದರಂತೆ. ಈ ಸ್ಟ್ಯಾಂಪಿನ ಗೋಂದು ಬೇರೆ ಬಗೆಯದು, ಆವಿಗೆ ಜಗ್ಗಲಿಲ್ಲ. ಒಂದು ಕಡೆ ಕೂದಲೆಳೆಯಷ್ಟು ಎದ್ದು ಹರಿಯಲು ಶುರುವಾದಾಗ ಕೈಬಿಟ್ಟರು. ಅಲ್ಲಿಗೆ ಭೂತಗನ್ನಡಿ ಹಿಡಿದು ನೋಡಿದೆ. ಅಂಚಿನಲ್ಲಿ ಒಂದು ಚೂರು ನೀಲಿ ಹರಡಿತ್ತು. ಅಂದರೆ ಅಡಿಯಲ್ಲಿ ಬರಹ ಉಂಟು. ಅದು ನೀರಿಗೆ ಕರಗುವ ಮಸಿ ಎಂಬುದೂ ಖಾತ್ರಿಯಾಯಿತು. ನೀರು ಸೋಕಿಸಿದರೆ ಸ್ಟ್ಯಾಂಪು ಬರುತ್ತದೆ, ಅಕ್ಷರ ಹೋಗುತ್ತದೆ.

‘ನೀವು ತೆಗೆದುಕೊಡಬೇಕು ಟೀಚರೇ. ಆದರೆ ಓದಬಾರದು. ಓದುವುದು ನಾನೇ. ನನ್ನ ಕಾಗದ ಯಾರೂ ಓದಿ ಹೇಳುವುದು ಬೇಡ. ಬೇಗ ಆಗಬೇಕು. ಕಣ್ಣು ಹೋಗುತ್ತಾ ಉಂಟು.’

ಕತ್ತು ಓರೆ ಮಾಡಿ ನೋಡುತ್ತಿದ್ದದ್ದು ಅದಕ್ಕೆ. ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿಗೆ ಒಂದು ಸಣ್ಣ ತೂತಿನಲ್ಲಿ ಕಾಣುವಷ್ಟು ಮಾತ್ರ ಕಾಣುತ್ತಿತ್ತು. ಅದೂ ಕಿರಿದಾಗುತ್ತದೆ, ಎಷ್ಟು ತಿಂಗಳು ಎಂದು ಹೇಳಲಾಗದು, ಹೋದದ್ದು ಹಿಂದೆ ಬರುವುದಿಲ್ಲ ಎಂದು ಮಣಿಪಾಲದ ವೈದ್ಯರು ಹೇಳಿದ್ದರು.

ಈಗ ನನ್ನ ಪಾಪವನ್ನೂ ಹೇಳಿಬಿಡುತ್ತೇನೆ. ಆ ಸ್ಟ್ಯಾಂಪನ್ನು ಎಬ್ಬಿಸಿದರೆ ಮುದ್ರೆ ಎರಡು ಹೋಳಾಗುತ್ತದೆ, ಮತ್ತೆ ಅದಕ್ಕೆ ಬೆಲೆ ಇಲ್ಲ. ಎಬ್ಬಿಸಲಾಗುವುದಿಲ್ಲ ಉಮ್ಮ, ಲಕೋಟೆ ನನಗೆ ಕೊಡಿ ಎಂದರೆ ಕೊಟ್ಟುಬಿಡುವ ಹೆಂಗಸು ಅದು. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಥೂ, ಎಂಥ ಜನ್ಮ ನನ್ನದು ಎಂದು ನನಗೇ ಹೇಸಿಗೆಯಾಯಿತು. ಶರಬತ್ತು ಮುಗಿಸುವಷ್ಟು ಹೊತ್ತು ಆ ಆಸೆ ಇತ್ತು, ಆಮೇಲೆ ಹೋಯಿತು.

‘ಎರಡು ದಾರಿ ಉಂಟು’ ಎಂದೆ. ‘ಇವತ್ತೇ ಬೇಕಾದರೆ ಒದ್ದೆ ಬ್ಲಾಟಿಂಗ್ ಪೇಪರ್ ಇಟ್ಟು ತೆಗೆಯಬಹುದು. ಅರ್ಧ ಅಕ್ಷರ ಅಳಿಸಿಹೋಗಬಹುದು. ಇಲ್ಲದಿದ್ದರೆ ಮಳೆಗಾಲಕ್ಕೆ ಕಾಯಬೇಕು.’

ಮಳೆಗಾಲವೆಂದರೆ ನಮ್ಮ ಕರಾವಳಿಯ ಸ್ಟ್ಯಾಂಪಿನವರಿಗೆ ಯಮ. ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಆಲ್ಬಮ್ ತೆರೆಯುವವನು ಮೂರ್ಖ ಎಂದು ಬಳಗದಲ್ಲಿ ಮಾತೇ ಉಂಟು. ಗಾಳಿಯ ತೇವಕ್ಕೇ ಗೋಂದು ಬೆವರಿ, ಹೊಸ ಸ್ಟ್ಯಾಂಪುಗಳೆಲ್ಲ ಹಾಳೆಗೆ ಕಚ್ಚಿಕೊಳ್ಳುತ್ತವೆ. ಪ್ರತಿ ವರ್ಷ ನಾವು ಆ ತೇವಕ್ಕೆ ಶಾಪ ಹಾಕುತ್ತೇವೆ. ಆದರೆ ಈ ಲಕೋಟೆಗೆ ಬೇಕಾದದ್ದು ಅದೇ. ನೀರಲ್ಲ, ಆವಿಯಲ್ಲ, ನೀರಿನ ಹನಿ ಬೀಳದ ಒದ್ದೆ ಗಾಳಿ. ಅದು ದಿನಗಟ್ಟಲೆ ಮೆಲ್ಲಮೆಲ್ಲನೆ ಗೋಂದನ್ನು ಸಡಿಲಿಸುತ್ತದೆ, ಮಸಿಗೆ ಗೊತ್ತೇ ಆಗುವುದಿಲ್ಲ. ಗ್ರಂಥಾಲಯದಲ್ಲಿ ಇದಕ್ಕೆ ಪೆಟ್ಟಿಗೆ ಇತ್ತು. ಇಲ್ಲಿ ಮಣ್ಣಿನ ಮಡಕೆ ಸಾಕು. ಆದರೆ ಅಷ್ಟರಲ್ಲಿ ಕಣ್ಣು?

ಉಮ್ಮ ಬಹಳ ಯೋಚಿಸಲಿಲ್ಲ. ‘ಅರ್ಧ ಅಕ್ಷರ ಓದಿ ಇನ್ನರ್ಧವನ್ನು ಊಹಿಸಿಕೊಂಡು ಸಾಯಲಿಕ್ಕೆ ಆಗುವುದಿಲ್ಲ. ಕಾಯುವ’ ಎಂದರು.

ಎಂಥ ಎದೆ! ನನ್ನ ಕಣ್ಣಿನ ಪ್ರಶ್ನೆಯಾಗಿದ್ದರೆ ನಾನು ಆ ಕ್ಷಣವೇ ಕಿತ್ತು ನೋಡುತ್ತಿದ್ದೆ.

ಅಲ್ಲಿಂದ ವಾರಕ್ಕೊಮ್ಮೆ ಕಾಪು. ಬಳಗದವರು ತಮಾಷೆ ಮಾಡಿದರು, ಮಾಡಲಿ. ಕೂತು ಮಾತಾಡುವುದು, ತಿನ್ನುವುದು, ತಾವು ಕಾಣದ ಬಂದರುಗಳ ಬಗ್ಗೆ ಉಮ್ಮ ಹೇಳುವುದನ್ನು ಕೇಳುವುದು. ಯಾವ ಊರಿನಲ್ಲಿ ಕಡಲು ಹೆಪ್ಪುಗಟ್ಟುತ್ತದೆ, ಎಲ್ಲಿ ಈರುಳ್ಳಿ ಸಿಹಿ ಇರುತ್ತದೆ, ಎಲ್ಲಿ ಹಡಗು ಕಾಲುವೆಯೊಳಗೆ ಬೆಟ್ಟಗಳ ನಡುವೆ ಹತ್ತಿ ಇಳಿಯುತ್ತದೆ, ಎಲ್ಲ ಗೊತ್ತು. ಮೂರು ನಾಲ್ಕು ಶಬ್ದಗಳಲ್ಲಿ ಬಂದದ್ದನ್ನು ಇಟ್ಟುಕೊಂಡು ಜಗತ್ತಿನ ನಕ್ಷೆಯನ್ನೇ ಮಾಡಿಕೊಂಡಿದ್ದರು. ನಾನು ಹದಿನಾಲ್ಕು ಆಲ್ಬಮ್ ತುಂಬಿಸಿ ತಿಳಿದದ್ದು ಅದರ ಅರ್ಧವೂ ಇಲ್ಲ. ಪ್ರತಿ ವಾರವೂ ಬಾಗಿಲಿಗೆ ಬಂದ ಕೂಡಲೇ ನಾನು ನೋಡುತ್ತಿದ್ದದ್ದು ಅವರ ಕತ್ತನ್ನು. ಅದು ಇನ್ನಷ್ಟು ಓರೆಯಾಗುತ್ತಾ ಹೋಯಿತು. ಒಂದು ದಿನ ನನಗೆ ಕೊಡಬೇಕಾದ ಲೋಟವನ್ನು ಗಾಳಿಗೆ ಚಾಚಿದರು. ನಾನು ಏನೂ ಆಗದ ಹಾಗೆ ಕೈ ಮುಂದೆ ಹಿಡಿದು ತೆಗೆದುಕೊಂಡೆ. ಬಸ್ಸಿನಲ್ಲಿ ಅತ್ತುಬಿಟ್ಟೆ.

ಮಳೆ ಹಿಡಿಯಿತು. ಆಟಿಯ ಮೊದಲ ವಾರ ಮಡಕೆಯ ತಳಕ್ಕೆ ಒದ್ದೆ ಮರಳು ಹಾಕಿ, ಅದರ ಮೇಲೆ ಹಲಗೆಯ ತುಂಡು, ಹಲಗೆಯ ಮೇಲೆ ಲಕೋಟೆ ಇಟ್ಟು, ಮುಚ್ಚಳದ ಅಡಿಗೆ ಬಟ್ಟೆ ಕಟ್ಟಿದೆವು, ಹನಿ ಬೀಳಬಾರದಲ್ಲ. ತೇವ ಹೆಚ್ಚಾದರೆ ಬೂಸಲು ಹಿಡಿಯುತ್ತದೆ. ಆದ್ದರಿಂದ ದಿನಕ್ಕೆರಡು ಸಲ ತೆಗೆದು ನೋಡಬೇಕು. ಉಮ್ಮ ನೋಡುತ್ತಿರಲಿಲ್ಲ, ಮೂಸುತ್ತಿದ್ದರು. ‘ಇವತ್ತು ಸರಿ ಉಂಟು’ ಎಂದು ಫೋನಿನಲ್ಲಿ ವರದಿ. ಒಂದು ದಿನ ‘ವಾಸನೆ ಬದಲಾಯಿತು, ಮುಚ್ಚಳ ತೆಗೆದಿಟ್ಟಿದ್ದೇನೆ’ ಎಂದರು. ನಾನು ಓಡಿ ಹೋಗಿ ಭೂತಗನ್ನಡಿ ಹಿಡಿದರೆ, ಲಕೋಟೆಯ ಒಂದು ಮೂಲೆಯಲ್ಲಿ ಬೂಸಲು ಆಗಷ್ಟೇ ಹುಟ್ಟುತ್ತಿತ್ತು. ಬರಿಗಣ್ಣಿಗೆ ಕಾಣದ್ದು! ಒಣ ಕುಂಚದಲ್ಲಿ ಒರೆಸಿ ತೆಗೆದೆ. ಇಂಥ ಮೂಗು ನಮ್ಮ ಗ್ರಂಥಾಲಯದಲ್ಲಿ ಒಬ್ಬರಿಗಿದ್ದಿದ್ದರೆ ಎಷ್ಟು ಪುಸ್ತಕ ಉಳಿಯುತ್ತಿತ್ತೋ.

ಹನ್ನೊಂದನೆಯ ದಿನ ಸ್ಟ್ಯಾಂಪಿನ ಬದಿ ಸ್ವಲ್ಪ ಉಬ್ಬಿತು. ಬೆಳಗ್ಗೆ ಹತ್ತು ಗಂಟೆ, ಹೊರಗೆ ಜಡಿಮಳೆ. ಲಕೋಟೆಯನ್ನು ಕಿಟಕಿಯ ಹತ್ತಿರ ಮೇಜಿನ ಮೇಲಿಟ್ಟು ಚಿಮಟ ತೆಗೆದೆ. ಕೈಬರಹದ ಹಳೆಯ ಪುಸ್ತಕಗಳನ್ನು ಹೆದರದೆ ಬಿಡಿಸಿದ ಕೈ ಇದು! ಆದರೂ ಎರಡು ಸಲ ಹತ್ತಿರ ಒಯ್ದು ಹಿಂದೆ ತೆಗೆದೆ.

‘ಕೊಡಿ ಇಲ್ಲಿ’ ಎಂದರು ಉಮ್ಮ.

‘ಉಮ್ಮ, ಕಾಣುವುದಿಲ್ಲ ನಿಮಗೆ.’

‘ಆಗಲೂ ಎಲ್ಲಿ ಕಾಣುತ್ತಿತ್ತು? ಅತ್ತೆಯನ್ನು ನೋಡುತ್ತಾ ಮಾಡುತ್ತಿದ್ದೆ.’

ಎಡಗೈಯ ಬೆರಳಿನಲ್ಲಿ ಸ್ಟ್ಯಾಂಪಿನ ಅಂಚನ್ನು ಸುತ್ತಲೂ ಸವರಿದರು. ಬದಿಯ ನಡುವನ್ನು ಹುಡುಕಿ ಬಲಗೈಯ ಕಿರುಬೆರಳಿನ ಉಗುರು ಇಟ್ಟರು. ಕಣ್ಣು ಮುಚ್ಚಿದ್ದರು. ಉಗುರು ಮುಂದೆ ಹೋಯಿತು, ನಿಂತಿತು, ಒಂದು ಎಳೆ ಹಿಂದೆ ಬಂತು, ಬೇರೆ ಕಡೆಯಿಂದ ಹೋಯಿತು. ಮುದ್ರೆ ನಡುವಿನಲ್ಲಿ ಎರಡಾಯಿತು. ಇಪ್ಪತ್ತು ವರ್ಷ ಹುಡುಕಿದ್ದು ಕಣ್ಣೆದುರು ಹೋಳಾಗುತ್ತಿದ್ದರೆ ನನಗೆ ಒಂದು ಚೂರೂ ಬೇಸರವಾಗಲಿಲ್ಲ, ದೇವರಾಣೆ. ಆ ಉಗುರಿನ ಕೆಲಸವನ್ನು ನೋಡಲು ಸಿಕ್ಕಿದ್ದೇ ನನ್ನ ಪುಣ್ಯ. ಹಡಗು ಇಡಿಯಾಗಿ ಎದ್ದು ಬಂತು.

ಮಾತು ಕೊಟ್ಟಿದ್ದೆನಲ್ಲ, ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಆದರೆ ಉಮ್ಮನಿಗೆ ಈಗ ಒಮ್ಮೆಗೆ ಒಂದೇ ಅಕ್ಷರ ಕಾಣುವುದು. ಶಾಲೆಯ ಮಕ್ಕಳ ಹಾಗೆ ಗಟ್ಟಿಯಾಗಿ ಕೂಡಿಸಿಕೊಂಡೇ ಓದಬೇಕಾಯಿತು. ನೋಡುವುದಿಲ್ಲ ಎಂದಿದ್ದೆ, ಕೇಳುವುದಿಲ್ಲ ಎಂದಿರಲಿಲ್ಲ.

‘ಮು... ಮುಂ... ಮುಂದಿ... ಮುಂದಿನ.’

ಮಳೆ ಹಂಚಿನ ಮೇಲೆ ಧೋ ಎಂದು ಸುರಿಯುತ್ತಿತ್ತು. ಸುಮ್ಮನಿರು ಎಂದು ಅದಕ್ಕೆ ಬೈಯಬೇಕೆನಿಸಿತು.

‘ಕಾ... ಕಾಗದ. ನಿ... ನಿನ್ನ.’

ಓದು ಅಲ್ಲಿಗೆ ನಿಂತಿತು. ಮುಂದಿನದ್ದು ಅಳಿಸಿಹೋಯಿತೋ ಏನೋ. ತಿರುಗಬೇಕು ಎನ್ನುವಷ್ಟರಲ್ಲಿ ಉಮ್ಮ ಒಂದೇ ಉಸಿರಿಗೆ ಪೂರ್ತಿ ಓದಿದರು.

‘ಮುಂದಿನ ಕಾಗದ ನಿನ್ನ ಹೆಸರಿಗೆ.’

ನಾನು ತಿರುಗಿದೆ. ಅವರು ಅಳುತ್ತಿರಲಿಲ್ಲ. ಅಳುತ್ತಿದ್ದದ್ದು ನಾನು. ಅವರು ಆ ನಾಲ್ಕು ಶಬ್ದಗಳ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ‘ಸಿಟ್ಟು ಬರಲಿಲ್ಲ ಅವರಿಗೆ’ ಎಂದರು. ಮತ್ತೊಮ್ಮೆ ಅದನ್ನೇ ಹೇಳಿದರು. ಆಮೇಲೆ ಇದ್ದಕ್ಕಿದ್ದಂತೆ ಸ್ವರ ಗಟ್ಟಿಯಾಯಿತು.

‘ಟೀಚರೇ, ಆ ಮುಂದಿನ ಕಾಗದವನ್ನು ಇನ್ನು ಯಾರಾದರೂ ಬರೆಯಬೇಕಲ್ಲ. ನೀವೇ ಬರೆಯಿರಿ. ಕೈಯಲ್ಲಿ ತಂದು ಕೊಡುವುದಲ್ಲ ಮತ್ತೆ, ಅಂಚೆಯಲ್ಲಿ ಬರಬೇಕು. ದೊಡ್ಡ ಅಕ್ಷರ. ಬೇಗ.’

ಕೇಳಿಕೊಂಡದ್ದಲ್ಲ, ಅಪ್ಪಣೆ. ನನ್ನ ಜನ್ಮದಲ್ಲಿ ಯಾರ ಅಪ್ಪಣೆಯನ್ನೂ ಅಷ್ಟು ಬೇಗ ಪಾಲಿಸಿದವಳಲ್ಲ ನಾನು. ಸಂಜೆಯೇ ಬರೆದೆ. ಒಳಗೆ ಏನು ಬರೆದೆ ಎಂದು ಹೇಳುವುದಿಲ್ಲ, ಕಾಗದ ಅವರದ್ದು. ಲಕೋಟೆಯ ಮೇಲೆ ಅವರ ಪೂರ್ತಿ ಹೆಸರು ಮೊದಲ ಸಾಲು, ಆಮೇಲೆ ಊರು. ಗಂಡನ ಹೆಸರು, ಮಗನ ಹೆಸರು, ಕೇರಾಫು ಯಾವುದೂ ಹಾಕಲಿಲ್ಲ.

ಮುಂದಿನದ್ದನ್ನು ನನಗೆ ಹೇಳಿದ್ದು ಮೊಮ್ಮಗಳು. ಕಾಪುವಿಗೆ ಹೊಸದಾಗಿ ಬಂದ ಅಂಚೆಯ ಹುಡುಗಿ ಬಿಜಾಪುರದ ಕಡೆಯವಳು. ಆ ಹೆಸರಿನವರು ಯಾರು ಎಂದು ದಾರಿಯಲ್ಲಿ ಅಂಗಡಿಯವರನ್ನು ಕೇಳಿದಳು, ರಿಕ್ಷಾದವರನ್ನು ಕೇಳಿದಳು. ಹುಟ್ಟಿದಂದಿನಿಂದ ಉಮ್ಮನನ್ನು ಕಂಡವರು ಕೂಡ ‘ಅಂಥವರು ಇಲ್ಲಿ ಯಾರೂ ಇಲ್ಲ’ ಎಂದರು. ಕೊನೆಗೆ ಗೇಟಿನ ಹೊರಗೆ ನಿಂತು ಆ ಹೆಸರನ್ನು ಗಟ್ಟಿಯಾಗಿ ಕರೆದಳು. ಒಳಗಿನಿಂದ ಮಗ ಬಂದು, ತನ್ನ ತಾಯಿಯ ಹೆಸರೆಂದು ಹೊಳೆಯುವಷ್ಟರಲ್ಲಿ, ಉಮ್ಮ ಗೋಡೆ ಹಿಡಿದುಕೊಂಡು ಮಳೆಯಲ್ಲಿ ಅಂಗಳ ದಾಟಿ ಗೇಟಿಗೆ ಬಂದಾಗಿತ್ತು.

‘ನಾನೇ ಅದು. ಕೊಡು.’

ಕೈ ಲಕೋಟೆಗೆ ಸಿಗದೆ ಪಕ್ಕದಲ್ಲಿ ಹುಡುಕುವುದನ್ನು ಕಂಡ ಹುಡುಗಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. ‘ನಾ ಓದಿ ಹೇಳ್ಲೇನ್ರಿ ಅಮ್ಮಾ?’

‘ಬೇಡ ಮಗಳೇ’ ಎಂದರಂತೆ ಉಮ್ಮ. ‘ನನ್ನ ಹೆಸರಿಗೆ ಬಂದದ್ದು. ನಾನೇ ಓದುತ್ತೇನೆ.’